ಇನ್ನೂರ ಹದಿನಾಲ್ಕು ಕಂದೂರ

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ದುಬೈಯ ನೈಫ್‌ನ ಎರಡು ಕೋಣೆಯ ಫ್ಲಾಟಿನಲ್ಲಿ ನಾಲ್ವರೂ ಊಟಕ್ಕೆ ಕೂತಿದ್ದಾಗ ಅಭಿಜೀತ ತಂದೆಗೆ ಹೇಳಿದ:

"ಅಪ್ಪಾ, ನಿಮ್ಮ ಕೇರುಬೀಜದ ಡಬ್ಬಿ ಕಸದಾಗ ಹಾಕೀನಿ. ಇನ್ನ ಮ್ಯಾಲೆ ಬಟ್ಟಿಗೆ ಗುರ್ತು ಹಾಕೂದು ಬ್ಯಾಡ."

ಬಸಲಿಂಗವ್ವ ಸೊಸೆಯ ತಾಟಿಗೆ ಹಾಕಬೇಕೆಂದಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಗಂಡನ ಮುಖ ನೋಡಿದಳು. ಇವತ್ತು ತಾಟು ಹಾರುವುದು ಗ್ಯಾರಂಟಿ ಎಂದುಕೊಂಡಳು. ಗುರುಪಾದಪ್ಪ ಹಸಿಮೆಣಸಿನಕಾಯಿ ಕಚ್ಚಿ, ನಿಧಾನಕ್ಕೆ ಅಗಿದು, "ಯಾಕ?" ಎಂದ, ಅಷ್ಟೇ.

"ಒಬ್ಬ ಗಿರಾಕಿ ಫೋಟೋ ಕಳಿಸ್ಯಾರ. ಕಾಲರಿನ್ಯಾಗ ಕರೀ ಚುಕ್ಕಿ ಅದಾವ, ಇದೇನು ರೋಗದ ಗುರ್ತಾ ಅಂತ ಕೇಳ್ಯಾರ."

"ಕಂದೂರಕ್ಕ ಕಾಲರ್ ಎಲ್ಲೈತೋ? ಕೊಳ್ಳಪಟ್ಟಿ ಅನ್ನು."

"ಏನರ ಅನ್ರಿ. ಚುಕ್ಕಿ ಬ್ಯಾಡ. ಬಾರ್‌ಕೋಡ್ ಸ್ಟಿಕರ್ ತಂದೀನಿ. ಇಸ್ತ್ರಿ ಇಟ್ರ ಅಂಟತಾವ. ಅಪೂರ್ವಾ ಸ್ಕ್ಯಾನ್ ಮಾಡಿದ್ಲಂದ್ರ ಯಾರ ಮನಿ, ಯಾವ ಬಟ್ಟಿ, ಎಲ್ಲಾ ಕಂಪ್ಯೂಟರಿನ್ಯಾಗ."

ಗುರುಪಾದಪ್ಪ ಮಡಿವಾಳ. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಅವನ ಅಪ್ಪ ನೂರಿಪ್ಪತ್ತು ಮನೆಯ ಬಟ್ಟೆ ಒಗೆದು, ಒಂದೂ ಅದಲುಬದಲಾಗದಂತೆ ಮನೆಮನೆಗೆ ಮುಟ್ಟಿಸುತ್ತಿದ್ದ. ಕೇರುಬೀಜವನ್ನು ಸೂಜಿಯಿಂದ ಚುಚ್ಚಿದರೆ ಕಪ್ಪು ರಸ ಬರುತ್ತದೆ. ಬಟ್ಟೆಯ ಒಳಮಗ್ಗುಲಿಗೆ ಅದರ ಒಂದು ಹನಿ ಇಟ್ಟರೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಚುಕ್ಕಿ ಮತ್ತು ಗೀಟು. 1988ರಲ್ಲಿ ಗುರುಪಾದಪ್ಪ ದುಬೈಗೆ ಬಂದಾಗ ಆ ಬೀಜಗಳ ಗಂಟನ್ನೂ ತಂದಿದ್ದ. ಮೊದಲು ಇನ್ನೊಬ್ಬರ ಲಾಂಡ್ರಿಯಲ್ಲಿ ದುಡಿದ. ಆಮೇಲೆ ನೈಫ್‌ನ ಓಣಿಯಲ್ಲಿ ತನ್ನದೇ ಅಂಗಡಿ ಹಿಡಿದ. ಇಲ್ಲಿನ ಗಂಡಸರು ತೊಡುವ, ಕಾಲಿನವರೆಗೆ ಇಳಿಯುವ ಬಿಳಿ ಕಂದೂರ ಒಗೆದು ಗಂಜಿ ಹಾಕುವುದರಲ್ಲಿ ಅವನಿಗೆ ಹೆಸರಿತ್ತು. ಮೇಲಿನ ಫ್ಲಾಟಿನಲ್ಲಿ ಬಸಲಿಂಗವ್ವ ಇಸ್ತ್ರಿ ಮಾಡುತ್ತಿದ್ದಳು. ಇಬ್ಬರೂ ಸೇರಿ ಮಗನನ್ನು ಇಂಜಿನಿಯರ್ ಮಾಡಿದರು.

ಆ ಇಂಜಿನಿಯರ್ ಸಾಹೇಬರು ಅಬುಧಾಬಿಯಲ್ಲಿ ಒಂದು ತೈಲ ಕಂಪನಿಯ ಗುತ್ತಿಗೆದಾರರ ಹತ್ತಿರ ಕೆಲಸಕ್ಕಿದ್ದರು. 2016ರ ಆರಂಭದಲ್ಲಿ ಪ್ರಾಜೆಕ್ಟ್ ನಿಂತಿತು, ಕೆಲಸ ಹೋಯಿತು. ಅಭಿಜೀತ ಹೆಂಡತಿ ಅಪೂರ್ವಾಳ ಜೊತೆ ಎರಡು ಸೂಟ್‌ಕೇಸು ಹಿಡಿದು ನೈಫ್‌ಗೆ ಬಂದಿಳಿದ. ಸುಮ್ಮನೆ ಕೂರುವ ಜಾತಿಯವನಲ್ಲ. ಮೂರೇ ತಿಂಗಳಲ್ಲಿ ಕಾರ್ಖಾನೆಗಳಿರುವ ಅಲ್ ಕೂಜ್‌ನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, ದೊಡ್ಡ ಮಷೀನುಗಳನ್ನು ತಂದು, ಉಡುಪಿ ಕಡೆಯ ಲತೇಶನನ್ನು ವ್ಯಾನಿಗೆ ಇಟ್ಟುಕೊಂಡು, ಅಂಗಡಿಯ ಗಿರಾಕಿಗಳನ್ನು ದುಪ್ಪಟ್ಟು ಮಾಡಿದ. ಇದನ್ನು ಬಸಲಿಂಗವ್ವ ಮನಸಾರೆ ಒಪ್ಪುತ್ತಿದ್ದಳು. ಹುಡುಗನಲ್ಲಿ ಕಸುವಿತ್ತು.

"ಮಾವಾ, ಒಂದ್ಸಲ ನೋಡ್ರಿ, ಭಾಳ ಛಲೋ ಆಗ್ತದ," ಎಂದಳು ಅಪೂರ್ವಾ, ಮೆತ್ತಗೆ.

"ನೋಡೂಣವಾ. ಬ್ಯಾಡಂದ ಮ್ಯಾಲೆ ನಾ ಹಾಕೂದಿಲ್ಲ," ಎಂದ ಗುರುಪಾದಪ್ಪ. ಅವತ್ತಿನಿಂದ ಒಂದೇ ಒಂದು ಚುಕ್ಕಿಯನ್ನೂ ಹಾಕಲಿಲ್ಲ. ಅದು ಬಸಲಿಂಗವ್ವನಿಗೆ ಜಗಳಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು. ಗಂಡ ಬೈದಿದ್ದರೆ ಅವಳೂ ಎರಡು ಮಾತು ಸೇರಿಸಬಹುದಿತ್ತು.

ಮೇ ತಿಂಗಳಲ್ಲಿ ಎರಡನೆಯ ಪೆಟ್ಟು ಬಿತ್ತು. ಅಭಿಜೀತ ಮೊದಲಿದ್ದ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ನಾಲ್ಕು ವಿಲ್ಲಾಗಳ ಬಟ್ಟೆ ಸಿಕ್ಕಿತ್ತು. ಮೊದಲ ಸಲ ಕೊಡಲು ಹೋಗುವಾಗ ಗುರುಪಾದಪ್ಪ, ಬಸಲಿಂಗವ್ವ ಇಬ್ಬರೂ ವ್ಯಾನ್ ಹತ್ತಿದರು. ಮಗ ಸಂಸಾರ ಮಾಡಿದ್ದ ಜಾಗ ನೋಡಿದ ಹಾಗೂ ಆಯಿತು ಎಂದು ಆಸೆ. ಗೇಟಿನ ಹತ್ತಿರ ಅಭಿಜೀತನ ಹಳೆಯ ನೆರೆಯವರು ಸಿಕ್ಕರು, ಶಾಮಸುಂದರ ಎಂಬ ಬ್ಯಾಂಕಿನ ಮನುಷ್ಯ. ಗುರುಪಾದಪ್ಪ ಹೆಗಲ ಮೇಲೆ ಹ್ಯಾಂಗರುಗಳ ಹೊರೆ ಹೊತ್ತು ಒಳಗೆ ಹೋಗುತ್ತಿದ್ದ.

"ಅದು ಯಾರು ಮಾರಾಯ್ರೆ, ಇಷ್ಟು ವಯಸ್ಸಾದವರು?" ಎಂದು ಕೇಳಿದರು ಶಾಮಸುಂದರ.

"ನಮ್ಮ ಹಳೇ ಸ್ಟಾಫ್," ಎಂದ ಅಭಿಜೀತ.

ಬಸಲಿಂಗವ್ವ ವ್ಯಾನಿನ ಹಿಂದಿನ ಸೀಟಿನಲ್ಲಿದ್ದಳು. ಕಿಟಕಿ ತೆರೆದಿತ್ತು. ಮದುವೆ ಕಾರ್ಡಿನಲ್ಲಿ ಮಗ 'ಬಿಸಿನೆಸ್' ಎಂದು ಅಚ್ಚು ಹಾಕಿಸಿದಾಗ ಅವಳು ನಕ್ಕಿದ್ದಳು, ಇರಲಿ ಬಿಡು ಎಂದಿದ್ದಳು. ಇವತ್ತು ನಗು ಬರಲಿಲ್ಲ. ಮನೆ ಸೇರಿ, ಸೊಸೆ ಚಹಾ ಇಟ್ಟ ಮೇಲೆ ಬಾಯಿ ತೆರೆದಳು.

"ಏ ಅಭ್ಯಾ, ನಿಮ್ಮಪ್ಪ ಯಾವಾಗ ನಿನ್ನ ಸ್ಟಾಫ್ ಆದ್ರೋ?"

ಅಭಿಜೀತನ ಮುಖ ಕೆಂಪಾಯಿತು. "ಅವ್ವಾ, ಅದು ಬಿಸಿನೆಸ್ ಮಾತು. ನಿನಗ ತಿಳಿಯೂದಿಲ್ಲ."

"ನನಗ ತಿಳಿಯೂದಿಲ್ಲ? ಈ ಕೈ ನೋಡು. ಇಪ್ಪತ್ತೆರಡು ವರ್ಷ ಇಸ್ತ್ರಿ ಹಿಡದ ಕೈ. ನಿನ್ನ ಕಾಲೇಜಿನ ಫೀ ಇದರಾಗಿಂದ ಹೋಗ್ಯದ. ಅಪ್ಪನ್ನ ಅಪ್ಪ ಅನ್ನಾಕ ನಾಲಿಗಿ ಸುಡತೈತೇನು?"

"ಬಿಡ ಬಸಲಿಂಗಿ," ಎಂದ ಗುರುಪಾದಪ್ಪ, ಚಹಾ ಸಾಸರಿಗೆ ಸುರಿಯುತ್ತಾ. "ದಿನಾ ಒಗ್ಯಾಕ ಹೋಗಾವ್ನ ಸ್ಟಾಫ್ ಅಂದ್ರ ತಪ್ಪೇನೈತಿ?"

ಆ ಮಾತಿಗೆ ಅಭಿಜೀತ ತಲೆ ತಗ್ಗಿಸಬೇಕಿತ್ತು. ಬದಲಿಗೆ ಅವನಿಗೆ ಸಿಟ್ಟೇ ಬಂತು. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಅದು. ಚಹಾ ಬಿಟ್ಟು ಎದ್ದು ಹೇಳಿಯೇ ಬಿಟ್ಟ: "ನಿಮಗ ನಡ ನೋವು, ಬಾಯ್ಲರಿನ ಹಬಿಗೆ ಕೆಮ್ಮು. ಜುಲೈಕ್ಕ ನಿಮ್ಮ ವೀಸಾ ಮುಗೀತದ. ಈ ಸಲ ರಿನ್ಯೂ ಬ್ಯಾಡ. ಕ್ಯಾನ್ಸಲ್ ಮಾಡಿ ಇಬ್ಬರೂ ಊರಿಗೆ ಹೋಗ್ರಿ. ಆರಾಮ ಇರ್ರಿ. ಇಪ್ಪತ್ತನೇ ತಾರೀಖಿಗೆ ಟಿಕೆಟ್ ಮಾಡ್ತೀನಿ. ಖಲಾಸ್."

ಖಲಾಸ್ ಎಂದರೆ ಮುಗಿಯಿತು. ಇಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಈ ಅರಬಿ ಮಾತನ್ನು ಬಸಲಿಂಗವ್ವನೂ ದಿನಕ್ಕೆ ಹತ್ತು ಸಲ ಆಡುತ್ತಿದ್ದಳು. ತನ್ನ ಬಾಳಿಗೇ ಯಾರಾದರೂ ಆಡಬಹುದು ಎಂದುಕೊಂಡಿರಲಿಲ್ಲ. ಅವಳ ವೀಸಾ ಗಂಡನ ವೀಸಾಕ್ಕೆ ತಗಲಿಕೊಂಡದ್ದು. ಅವನದು ಹೋದರೆ ಅವಳದೂ ಹೋಯಿತು.

ಊರಿನ ಮೇಲೆ ಅವಳಿಗೆ ಹಗೆಯೇನಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಸೀರೆ, ಸೆಂಟು ಹಂಚಿ ಬರುವುದು ಬೇರೆ, ಹೋಗಿ ಕೂತುಬಿಡುವುದು ಬೇರೆ. ಅಲ್ಲಿ ಅವಳಿಗೆ ಮಾಡಲು ಏನು ಕೆಲಸ? ಇಲ್ಲಿ ಬೆಳಿಗ್ಗೆ ಐದಕ್ಕೆ ಎದ್ದರೆ ಅವಳ ಇಸ್ತ್ರಿ ಇತ್ತು. ಓಣಿಯ ಕೊನೆಯಲ್ಲಿ ಅವಳಿಗೆಂದು ಮೆಂತ್ಯ ಎತ್ತಿಡುವ ತರಕಾರಿಯವನಿದ್ದ. ಗಂಡನಿಗೋ, ಬಟ್ಟೆ ಮುಟ್ಟದ ದಿನ ಊಟ ಸೇರುತ್ತಿರಲಿಲ್ಲ. ಅವನನ್ನು ಕಟ್ಟೆಯ ಮೇಲೆ ಕೂರಿಸಿದರೆ ವರ್ಷ ತುಂಬುವುದರೊಳಗೆ ಮಣ್ಣಾಗುತ್ತಾನೆ ಎಂದು ಅವಳಿಗೆ ಹೆದರಿಕೆ ಹುಟ್ಟಿತು. ಗಂಡನೆದುರು ಅತ್ತೇಬಿಟ್ಟಳು.

"ನೀವು ಒಂದು ಮಾತು ಯಾಕ ಆಡೂದಿಲ್ಲ?"

"ಅಂಗಡಿ ಈಗ ಅವಂದು. ಮಗ ಬ್ಯಾಡಂದ ಮ್ಯಾಲೆ ಜೋತು ಬಿದ್ದು ಇರಾಕ ಆಗ್ತದೇನ?"

"ನಾ ಹೋಗಾಕಿ ಅಲ್ಲ. ಬೇಕಾದ್ರ ನೀವು ಹೋಗ್ರಿ."

"ನನ್ನ ಬಿಟ್ಟು ಇರ್ತಿ?" ಎಂದು ಗುರುಪಾದಪ್ಪ ನಕ್ಕ. ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಜೂನ್‌ನಲ್ಲಿ ರಂಜಾನ್ ಬಂತು. ಉಪವಾಸದ ತಿಂಗಳ ಕೊನೆಗೆ ಈದ್. ಈದ್‌ಗೆ ಪ್ರತಿ ಮನೆಯ ಗಂಡಸರಿಗೂ ಮಡಿ ಕಂದೂರ ಬೇಕು. ಲತೇಶ ದಿನಕ್ಕೆ ಮೂರು ಸಲ ವ್ಯಾನ್ ತುಂಬಿ ತರುತ್ತಿದ್ದ. ಅಪೂರ್ವಾ ಸ್ಟಿಕರ್ ಅಂಟಿಸಿ ಅಂಟಿಸಿ ಬೆರಳು ಸುಟ್ಟುಕೊಂಡಳು. ಹಬ್ಬಕ್ಕೆ ಮೂರು ದಿನ ಇರುವಾಗ ಇಪ್ಪತ್ತಾರು ಮನೆಗಳ ಇನ್ನೂರ ಹದಿನಾಲ್ಕು ಕಂದೂರ ಅಲ್ ಕೂಜ್‌ನ ಶೆಡ್ಡಿನಲ್ಲಿದ್ದವು. ಎಲ್ಲವೂ ರಂಜಾನ್‌ಗೆಂದು ಏಪ್ರಿಲ್ ಆದಮೇಲೆ ಹೊಲಿಸಿದವು, ಹಳೆಯ ಚುಕ್ಕಿ ಒಂದರಲ್ಲೂ ಇರಲಿಲ್ಲ. ಮಷೀನು ನೋಡಿಕೊಳ್ಳುವವನಿಗೆ ಜ್ವರ. ಅಭಿಜೀತ ಬೆಳಗ್ಗೆಯೇ ಅಬುಧಾಬಿಗೆ ಹೋಗಿದ್ದ. ಆದ್ದರಿಂದ ಬಸಲಿಂಗವ್ವನೇ ಲತೇಶನ ಜೊತೆ ಶೆಡ್ಡಿಗೆ ಬಂದಳು.

ಮಷೀನಿನಿಂದ ತೆಗೆದ ಕಂದೂರಗಳನ್ನು ನೋಡಿ ಅವಳ ಮುಖ ಸೊಟ್ಟಗಾಯಿತು. ಕೊಳ್ಳಪಟ್ಟಿಯಲ್ಲಿ ಅತ್ತರಿನ ಹಳದಿ ಕಲೆ ಹಾಗೇ ಕೂತಿತ್ತು. ಉಗುರುಬೆಚ್ಚಗಿನ ನೀರಿಗೆ ಅದು ಜಗ್ಗುವುದಿಲ್ಲ.

"ಛೀ! ಇದನ್ನ ಈದ್ ದಿನಾ ಹಾಕ್ಕೋಬೇಕ ಅವರು? ಲತೇಶಾ, ಆ ಗಂಜಿ ಕಾಸೂ ದೊಡ್ಡ ಹಂಡೆಗಳನ್ನ ಒಲಿ ಮ್ಯಾಲೆ ಏರಿಸು. ಸೋಡಾ ತಾ. ಉಬ್ಬಿ ಹಾಕೂಣು."

ಉಬ್ಬೆ ಎಂದರೆ ಸೋಡಾದ ನೀರು ಕುದಿಸಿ, ಅದರ ಹಬೆಯಲ್ಲಿ ಬಿಳಿ ಬಟ್ಟೆಯನ್ನು ಬೇಯಿಸುವುದು. ಮಡಿವಾಳರ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಅಮ್ಮಾ, ಅಭಿಜೀತಣ್ಣನಿಗೆ ಒಂದು ಫೋನ್ ಮಾಡುವನಾ?" ಎಂದ ಲತೇಶ.

"ಅವಂಗೇನು ಗೊತ್ತು ಉಬ್ಬಿ? ಯಲ್ಲಾ, ಲಗೂನ ಏರಿಸು!"

ಎರಡು ತಾಸಿನ ಮೇಲೆ ಮುಚ್ಚಳಗಳನ್ನು ತೆಗೆದಳು. ಕಂದೂರಗಳು ಹೊಳೆಯುತ್ತಿದ್ದವು, ಒಂದು ಕಲೆಯಿಲ್ಲ. ಇಷ್ಟು ಛಂದ ಬಿಳುಪು ಕಂಡು ಎಷ್ಟು ದಿನವಾಗಿತ್ತೋ ಎಂದು ಹಿಗ್ಗಿದಳು. ಆಮೇಲೆ ಕೆಳಗಿನ ನೀರು ನೋಡಿದಳು. ನೀರಿನ ತುಂಬ ಸ್ಟಿಕರುಗಳು ತೇಲುತ್ತಿದ್ದವು. ಒಂದು ಕಂದೂರ ಎತ್ತಿ ಒಳಗೆ ನೋಡಿದಳು, ಇಲ್ಲ. ಇನ್ನೊಂದು, ಇಲ್ಲ. ಕುದಿಯುವ ನೀರಿಗೆ ಅಂಟು ಬಿಡುತ್ತದೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ, ಕೇರುಬೀಜದ ಚುಕ್ಕಿ ಎಂದಾದರೂ ಬಿಟ್ಟಿತ್ತೇ? ಇನ್ನೂರ ಹದಿನಾಲ್ಕು ಬಿಳಿ ಅಂಗಿ, ಒಂದರಂತೆ ಒಂದು, ಮತ್ತು ಮೂರು ದಿನಕ್ಕೆ ಈದ್. ನಮ್ಮನ್ನು ಊರಿಗೆ ಕಳಿಸಲು ಮಗನಿಗೆ ಬೇರೆ ಕಾರಣವೇ ಬೇಕಿಲ್ಲ, ನಾನೇ ಕೈಯಾರೆ ಕೊಟ್ಟೆ ಎಂದು ಹಣೆ ಬಡಿದುಕೊಂಡಳು.

ಸುಳ್ಳು ಹೇಳಬಹುದಿತ್ತು. ಮಷೀನು ಕೆಟ್ಟಿತು ಎನ್ನಬಹುದಿತ್ತು. ಅಭಿಜೀತ ಹನ್ನೆರಡಕ್ಕೆ ಓಡಿ ಬಂದಾಗ ಅವಳೇ ಮುಂದೆ ನಿಂತು ಹೇಳಿದಳು: "ಲತೇಶಂದೇನೂ ತಪ್ಪಿಲ್ಲ. ಉಬ್ಬಿ ನಾನ ಹಾಕೀನಿ."

"ಅವ್ವಾ!" ಅಭಿಜೀತ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಯಾಕವ್ವಾ? ಯಾರು ಹೇಳಿದ್ರು ನಿನಗ? ಇಪ್ಪತ್ತಾರು ಮನಿ! ಈದ್ ದಿನಾ ಒಬ್ಬರ ಅಂಗಿ ಇನ್ನೊಬ್ಬರ ಮನಿಗೆ ಹೋದ್ರ ನಾಳಿಂದ ಯಾರು ಬಟ್ಟಿ ಕೊಡ್ತಾರ? ಅಂಗಡಿ ಬಾಗಲಾ ಹಾಕೂದ!"

"ಎಲ್ಲಾರಿಗೂ ಫೋನ್ ಮಾಡೋಣ," ಎಂದಳು ಹಿಂದೆಯೇ ಬಂದಿದ್ದ ಅಪೂರ್ವಾ. "ಅವರ ಬಂದು ತಮ್ಮದನ್ನ ಆರಿಸಿಕೊಳ್ಳಲಿ."

"ಉಪವಾಸ ಇದ್ದವರನ್ನ ಈ ಬಿಸಿಲಾಗ ಅಲ್ ಕೂಜ್‌ಗೆ ಕರಸ್ತಿ? ನಿಮಗ ಒಗ್ಯಾಕ ಬರೂದಿಲ್ಲ ಅಂತ ಉಗೀತಾರ," ಎಂದ ಅಭಿಜೀತ.

ಇದಕ್ಕೆಲ್ಲ ಕಾಯದೆ ಲತೇಶ ಆಗಲೇ ನೈಫ್‌ಗೆ ವ್ಯಾನ್ ಓಡಿಸಿದ್ದ. ಒಂದು ಗಂಟೆಗೆ ಗುರುಪಾದಪ್ಪನನ್ನು ಕರೆದುಕೊಂಡು ಬಂದ. ಊರಿಗೆ ಒಯ್ಯುವ ಸಾಮಾನು ಕಟ್ಟುತ್ತಿದ್ದವನು ಹಗ್ಗದ ತುಂಡನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ. ಕಂದೂರಗಳ ರಾಶಿ ನೋಡಿದ. ಹೆಂಡತಿಯ ಮುಖ ನೋಡಿದ.

"ಛಲೋ ಬೆಳ್ಳಗಾಗ್ಯಾವ," ಎಂದ.

ಬಸಲಿಂಗವ್ವನಿಗೆ ಕಣ್ಣು ತುಂಬಿ ಬಂತು. "ತಪ್ಪಾತು ನಂದು."

"ಉಬ್ಬಿ ಹಾಕೂದು ತಪ್ಪಲ್ಲ. ಅಪೂರ್ವಾ, ಕಂಪ್ಯೂಟರಿನ್ಯಾಗ ಏನೈತವಾ?"

"ಯಾರ ಮನಿಂದ ಎಷ್ಟು ಬಂದಾವ ಅನ್ನೂದು ಐತಿ ಮಾವಾ. ಯಾವುದು ಯಾರದು ಅನ್ನೂದು ಸ್ಟಿಕರಿನ್ಯಾಗ ಇತ್ತು."

"ಅಷ್ಟು ಸಾಕು. ನೆಲಕ್ಕ ಮಡಿ ಚಾದರ ಹಾಸ್ರಿ, ಇಪ್ಪತ್ತಾರು. ಒಂದೊಂದಕ್ಕ ಒಂದು ಮನಿ ಹೆಸರು, ಎಷ್ಟು ಅಂಗಿ ಅಂತ ಚೀಟಿ ಇಡ್ರಿ. ಬಸಲಿಂಗಿ, ನೀ ನನ್ನ ಬಾಜೂಕ ನಿಂದರು."

ಅಭಿಜೀತ ಚಾದರಗಳನ್ನು ಹಾಸಿದ. ರಂಜಾನಿನ ಹಗಲಲ್ಲಿ ನಾಲ್ಕು ಜನರೆದುರು ಕುಡಿಯಬಾರದೆಂದು ಶಟರ್ ಅರ್ಧ ಎಳೆದು ಎಲ್ಲರೂ ನೀರು ಕುಡಿದರು. ಗುರುಪಾದಪ್ಪ ಕೈ ತೊಳೆದು, ಒರೆಸಿಕೊಂಡು, ಮೊದಲ ಕಂದೂರ ಎತ್ತಿದ. ಮೂಗಿಗೆ ಹಿಡಿದ. ಉಬ್ಬೆಗೆ ಅತ್ತರಿನ ವಾಸನೆಯೆಲ್ಲ ಹೋಗಿತ್ತು. ತಲೆ ಅಲ್ಲಾಡಿಸಿ ಅಂಗಿಯನ್ನು ಬೆಳಕಿಗೆ ಹಿಡಿದ.

"ಮೊಣಕಾಲಿನ ಹಂತ್ಯಾಕ ನೂಲು ಸವದಿಲ್ಲ ನೋಡ್ರಿ. ನಮಾಜಕ್ಕ ಮೊಣಕಾಲು ಊರೂದಿಲ್ಲ, ಕುರ್ಚಿ ಮ್ಯಾಲೆ ಕೂಡ್ತಾರ. ಹೋರ್ ಅಲ್ ಅನ್ಜ್ ಓಣಿಯ ಅಜ್ಜಾರದು."

ಎರಡನೆಯದರ ಎಡತೋಳಿನ ತುದಿಯಲ್ಲಿ ಎಳೆ ಎದ್ದಿದ್ದವು. "ಗಿಡುಗ ಸಾಕ್ಯಾರಲ್ಲ, ಅವರ ಮನೀದು. ಹಕ್ಕಿ ಎಡಗೈ ಮ್ಯಾಲೆ ಕೂಡ್ತದ."

ಮೂರನೆಯದರ ಬಲ ಹೆಗಲ ಮೇಲೆ ಬೆರಳಾಡಿಸಿದ. "ಸೀಟ್ ಬೆಲ್ಟು ತಿಕ್ಕಿ ಸವದದ. ಇಲ್ಲಿ ಗಾಡಿ ಸ್ಟೇರಿಂಗ್ ಎಡಗಡೆ. ಬಲಗಡೆ ಸವದದ ಅಂದ್ರ ಇವರು ಗಾಡಿ ಹೊಡಿಯೂದಿಲ್ಲ, ಬಾಜೂಕ ಕೂಡ್ತಾರ. ಕಣ್ಣಿನ ಆಪರೇಶನ್ ಆದವರು. ರಾಶಿದಿಯಾದ ಮನೀದು."

ಅಪೂರ್ವಾ ಪೆನ್ನು ಹಿಡಿದವಳು ಬರೆಯುವುದನ್ನೇ ಮರೆತಳು. "ಮಾವಾ, ಇದೆಲ್ಲಾ ನಿಮಗ ಯಾರು ಹೇಳಿದ್ರು?"

"ಬಟ್ಟಿ ಒಗ್ಯಾವನಿಗೆ ಯಾರು ಹೇಳಬೇಕವಾ?"

ಐವತ್ತಾಯಿತು, ಎಂಬತ್ತಾಯಿತು. ಗುರುಪಾದಪ್ಪ ತಡೆದಲ್ಲಿ ಬಸಲಿಂಗವ್ವನ ಕೈ ಮುಂದೆ ಬಂತು. "ತಡೀರಿ, ಇದರ ಬಲದೋಳು ಎಡದಕ್ಕಿಂತ ಒಂದು ಬೆರಳು ಗಿಡ್ಡ. ಇಸ್ತ್ರಿ ಹೊಡ್ಯಾಗ ಎಷ್ಟು ಜಗ್ಗಿದ್ರೂ ಸಮಾ ಕೂಡೂದಿಲ್ಲ. ಸತ್ವಾದವರದು, ಕೊಡ್ರಿ." ಇನ್ನೊಂದಕ್ಕೆ, "ಇವರ ದರ್ಜಿ ಕಿಸೇಕ್ಕ ಡಬಲ್ ಹೊಲಿಗಿ ಹಾಕ್ತಾನ. ಇಸ್ತ್ರಿಗೆ ತಡಸ್ತದ." ಇಪ್ಪತ್ತೆರಡು ವರ್ಷ ಒಬ್ಬಳೇ ಮೇಲಿನ ಕೋಣೆಯಲ್ಲಿ ನಿಂತು ಕಲಿತದ್ದು ಈಗ ಒಂದೊಂದೇ ಹೊರಗೆ ಬಂತು. ತನಗೆ ಇಷ್ಟು ಗೊತ್ತಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬೆಳಗಿನ ಹೆದರಿಕೆ ಹೋಗಿ ಅವಳ ದನಿ ಏರಿತು.

ಅಭಿಜೀತನಿಗೆ ಮಾತ್ರ ನಂಬಿಕೆ ಬರಲಿಲ್ಲ. ತಂದೆ ಆ ಕಡೆ ತಿರುಗಿದಾಗ ವಿಂಗಡಿಸಿಟ್ಟ ಒಂದು ಕಂದೂರವನ್ನು ಮೆಲ್ಲಗೆ ತೆಗೆದು ರಾಶಿಯ ಅಡಿಗೆ ತುರುಕಿದ. ಬಸಲಿಂಗವ್ವ ನೋಡಿದಳು, ಗಂಡನಿಗೆ ಮುಂದಿನ ಅಂಗಿ ಕೊಟ್ಟಳು. ಅರ್ಧ ತಾಸಿನ ಮೇಲೆ ಅದು ಗುರುಪಾದಪ್ಪನ ಕೈಗೆ ಬಂತು.

"ಇದನ್ನ ಆಗಳೇ ಇಟ್ಟಿದ್ನಲ್ಲ. ಯಾರು ತಗದ್ರಿ?" ಎಂದು ಅದೇ ಚಾದರದ ಮೇಲೆ ಹಾಕಿದ.

ಲತೇಶ ಗೊಳ್ಳೆಂದು ನಕ್ಕ. "ಅಣ್ಣಾ, ನಿಮ್ಮ ಸ್ಕ್ಯಾನರ್ ಎಂತಕ್ಕೆ ಇನ್ನು?"

ಅಭಿಜೀತ ಅವತ್ತು ಮತ್ತೆ ಕೈ ಹಾಕಲಿಲ್ಲ. ಅವನು ಹೊಸದಾಗಿ ಹಿಡಿದ ಗಿರಾಕಿಗಳ ಬಟ್ಟೆಗೆ ಹೊತ್ತು ಹಿಡಿಯಿತು. ಗುರುಪಾದಪ್ಪ ಅವನ್ನು ಮೂರು ಸಲ ಮಾತ್ರ ಮುಟ್ಟಿದ್ದ. ಆದರೂ ಒಂದೊಂದನ್ನು ಇನ್ನೊಂದರ ಪಕ್ಕ ಇಟ್ಟು, ಹೊಲಿಗೆ ಎಣಿಸಿ, ಅಳತೆ ನೋಡಿ, ಗಂಡಹೆಂಡತಿ ವಾದ ಮಾಡಿ ಮುಗಿಸಿದರು. ಸಂಜೆಯ ಬಾಂಗ್ ಆಗುವುದಕ್ಕೆ ಮೊದಲು ಇಪ್ಪತ್ತೈದು ಮನೆಗಳ ಲೆಕ್ಕ ಚೀಟಿಗೆ ಸರಿಯಾಗಿ ಕೂತಿತು. ಇಪ್ಪತ್ತಾರನೆಯದು ಮಿರ್ದಿಫ್‌ನ ಮನೆ. ಚೀಟಿಯಲ್ಲಿ ಒಂಬತ್ತು. ಚಾದರದ ಮೇಲೆ ಎಂಟು. ಕೈಯಲ್ಲಿ ಉಳಿದದ್ದು ಒಂದು.

"ಸರಿಹೋತಲ್ಲ! ಹಾಕ್ರಿ ಅಪ್ಪಾ, ಮುಗೀತು," ಎಂದ ಅಭಿಜೀತ.

ಗುರುಪಾದಪ್ಪ ಹಾಕಲಿಲ್ಲ. "ಇದು ಆ ಮನೀದಲ್ಲ."

"ಉಳಿದಿದ್ದು ಒಂದ! ಬ್ಯಾರೆ ಯಾರಿಗೂ ಕಮ್ಮಿ ಬಿದ್ದಿಲ್ಲ. ಆ ಮನಿಂದ ಒಂಬತ್ತು ಬಂದಾವ ಅಂತ ಕಂಪ್ಯೂಟರ್ ಹೇಳ್ತದ."

"ಬಂದಿರಬಹುದು. ಅವರದಲ್ಲ. ಆ ಮನ್ಯಾಗಿನ ಗಂಡಸರೆಲ್ಲಾ ಒಂದ ದರ್ಜಿ ಹತ್ರ ಹೊಲಸ್ತಾರ. ಇದು ಬ್ಯಾರೆ ಕೈ. ಎತ್ತರನೂ ಯಾರಿಗೂ ಕೂಡೂದಿಲ್ಲ."

"ಅಪ್ಪಾ, ಹಟಾ ಮಾಡಬ್ಯಾಡ್ರಿ."

"ಬ್ಯಾರೆ ಕವರಿನ್ಯಾಗ ಹಾಕು. 'ಇದು ನಿಮ್ಮ ಮನೀದಲ್ಲ, ನಿಮ್ಮ ಗಂಟಿನ್ಯಾಗ ಬಂದಿತ್ತು' ಅಂತ ಚೀಟಿ ಬರಿ."

"ನಗ್ತಾರ ಅವರು!"

"ಬರಿ ಅಂದ್ರ ಬರಿಯೋ!" ಎಂದು ಬಸಲಿಂಗವ್ವ ಗದರಿದಳು. ಅಪೂರ್ವಾ ಗಂಡನ ಮುಖವನ್ನೂ ನೋಡದೆ ಚೀಟಿ ಬರೆದಳು.

ಮರುದಿನ ಗಂಜಿ, ಇಸ್ತ್ರಿ. ಅದರ ಮರುದಿನ ಮನೆಮನೆಗೆ ಬಟ್ಟೆ ಹೋಯಿತು. ಈದ್ ದಿನ ಇಡೀ ಮನೆ ಒಂದು ಫೋನನ್ನು ಮಧ್ಯದಲ್ಲಿಟ್ಟುಕೊಂಡು ಕೂತಿತು. ಬಸಲಿಂಗವ್ವ ಹೋಳಿಗೆ ಮಾಡಿದ್ದಳು. ಯಾರೂ ಮುಟ್ಟಲಿಲ್ಲ. ಫೋನ್ ಬಡಿದಾಗಲೆಲ್ಲ ಅಭಿಜೀತ ಹಾರಿ ಬೀಳುತ್ತಿದ್ದ. ಎಲ್ಲ ಹಬ್ಬದ ಶುಭಾಶಯಗಳೇ. ದೂರು? ಅರಬಿಯಲ್ಲಿ ಹೇಳುವಂತೆ ಮಾಫಿ, ಒಂದೂ ಇಲ್ಲ.

ಎರಡನೆಯ ದಿನ ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಝುಲೈಖ ನಿಂತಿದ್ದಳು. ಮಿರ್ದಿಫ್‌ನ ಮನೆಯಲ್ಲಿ ಅಡಿಗೆ ಮಾಡುವ ಮಂಗಳೂರು ಕಡೆಯ ಹೆಂಗಸು, ಬಟ್ಟೆಯ ಗಂಟು ಕಟ್ಟಿ ಕಳಿಸುವವಳು ಅವಳೇ. ಅವಳ ಕೈಯಲ್ಲಿ ಆ ಕವರು ಇತ್ತು. ಅಭಿಜೀತ ಕೌಂಟರಿನ ಹಿಂದೆ ಬಿಳುಚಿಕೊಂಡ.

"ಇದು ನಮ್ಮದಲ್ಲ ಅಂತ ಹೇಳಿದ್ದು ಯಾರು?" ಎಂದು ಕೇಳಿದಳು ಝುಲೈಖ.

"ನಾನು," ಎಂದ ಗುರುಪಾದಪ್ಪ.

"ಅಲ್ಲಾ ಅಜ್ಜ, ನಿಮಗೆ ಹೇಗೆ ಗೊತ್ತಾಯ್ತು? ಗಂಟು ಕಟ್ಟಿದ ನನಗೇ ಗೊತ್ತಿರ್ಲಿಲ್ಲ! ನಮ್ಮ ಅರಬಾಬ್, ಅಂದ್ರೆ ಯಜಮಾನ್ರು, ಅವರ ಭಾವ ಶಾರ್ಜಾದಿಂದ ಇಫ್ತಾರಿಗೆ ಬಂದಿದ್ರು. ಮೈಮೇಲೆ ಸಾರು ಚೆಲ್ಲಿ ಹೋಯ್ತು, ಬಟ್ಟೆ ಬದಲಿಸಿ ಅಲ್ಲೇ ಬಿಟ್ಟು ಹೋಗಿದ್ದಾರೆ. ಈದ್ ದಿನ ಬಂದು ನನ್ನ ಕಂದೂರ ಎಲ್ಲಿ ಅಂತ ಕೇಳಿದ್ರು. ಅಷ್ಟೊತ್ತಿಗೆ ನಿಮ್ಮ ಚೀಟಿ ಓದಿದ್ದು. ಅರಬಾಬ್ ನಕ್ಕು ನಕ್ಕು ಸಾಕಾಗಿ ಹೋದ್ರು. ಮನೆಯವರಿಗಿಂತ ನಮ್ಮ ದೋಭಿಗೇ ನಮ್ಮ ಮನೆ ಜಾಸ್ತಿ ಗೊತ್ತು ಅಂತ ಬಂದವರಿಗೆಲ್ಲಾ ಹೇಳಿದ್ದೇ ಹೇಳಿದ್ದು. ಕವರಲ್ಲಿ ಖರ್ಜೂರ ಉಂಟು, ತಗೊಳ್ಳಿ. ಭಾವನ ಮನೆಯ ಬಟ್ಟೆ, ಇಬ್ಬರು ತಮ್ಮಂದಿರ ಮನೆಯ ಬಟ್ಟೆ, ಎಲ್ಲಾ ಇನ್ನು ಇಲ್ಲಿಗೇ. ಕೊಳ್ಳಪಟ್ಟಿ ಇಷ್ಟು ಬಿಳಿ ಮಾಡಿದ್ದು ಯಾರು ಅಂತಲೂ ಕೇಳಿದ್ದಾರೆ."

"ನಾನು!" ಎಂದಳು ಬಸಲಿಂಗವ್ವ, ಪಕ್ಕದ ಅಂಗಡಿಗೂ ಕೇಳುವ ಹಾಗೆ.

ಅವತ್ತು ಮಧ್ಯಾಹ್ನದ ಊಟಕ್ಕೆ ಅಭಿಜೀತ ತಾಟಿನಲ್ಲಿ ಬೆರಳಾಡಿಸುತ್ತಾ ಕೂತ. "ಟಿಕೆಟ್ ಕ್ಯಾನ್ಸಲ್ ಮಾಡೀನಿ," ಎಂದ ಕೊನೆಗೆ, ಪಲ್ಯದ ಬಟ್ಟಲಿಗೆ ಹೇಳುವಂತೆ.

"ಪಲ್ಯಾಕ್ಕ ಯಾಕ ಹೇಳ್ತಿ? ಅಪ್ಪಗ ಹೇಳು," ಎಂದಳು ಬಸಲಿಂಗವ್ವ.

ಅಭಿಜೀತ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. "ಅಪ್ಪಾ, ಹೋಗಬ್ಯಾಡ್ರಿ. ನಂದು ತಪ್ಪಾತು. ನೀವು ಇಲ್ಲಂದ್ರ ನನಗ ಈ ಅಂಗಡಿ ನಡಸಾಕ ಬರೂದಿಲ್ಲ."

ಗುರುಪಾದಪ್ಪ ರೊಟ್ಟಿ ಮುರಿದ, ಅದ್ದಿದ, ತಿಂದ. ನೀರು ಕುಡಿದ. "ವಿಚಾರ ಮಾಡ್ತೀನಿ," ಎಂದ.

ಎರಡು ದಿನ ವಿಚಾರ ಮಾಡಿದ! ಬಸಲಿಂಗವ್ವನಿಗೆ ನಗು ತಡೆಯುವುದೇ ಕಷ್ಟವಾಯಿತು. ಮೂರನೆಯ ದಿನ ಷರತ್ತು ಬಂತು: ಸ್ಟಿಕರ್ ಇರಲಿ, ಅದು ಬೇಗ ಲೆಕ್ಕ ಕೊಡುತ್ತದೆ, ಆದರೆ ಕೊಳ್ಳಪಟ್ಟಿಯ ಒಳಗೆ ಸಾಸಿವೆಯಷ್ಟು ಚುಕ್ಕಿಯೂ ಇರಬೇಕು. ಬಿಳಿ ಬಟ್ಟೆಗೆ ಉಬ್ಬೆ ಬೇಕೋ ಬೇಡವೋ ಎಂದು ಹೇಳುವವಳು ಬಸಲಿಂಗವ್ವ. ಮತ್ತು ಚುಕ್ಕಿ ಹಾಕಲು ಅಪೂರ್ವಾ ಕಲಿಯಬೇಕು.

"ನಾನ ಯಾಕ, ಮಾವಾ?" ಎಂದು ಕೇಳಿದಳು ಅಪೂರ್ವಾ, ಖುಷಿಯಿಂದಲೇ.

"ನಿನ್ನ ಗಂಡನ ಕೈ ನಡಗ್ತದ."

ಜುಲೈ ಮುಗಿಯುವುದರೊಳಗೆ ವೀಸಾದ ಕೆಲಸಕ್ಕೆ ಮೂವರೂ ಟೈಪಿಂಗ್ ಸೆಂಟರಿಗೆ ಹೋದರು. ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಆ ಸಣ್ಣ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೈ ಕಟ್ಟಿದವರಿದ್ದರು, ಹೆಲ್ಮೆಟ್ ಹಿಡಿದವರಿದ್ದರು, ಉಡುಪಿ ಮಂಗಳೂರು ಕಡೆಯವರೇ ಏಳೆಂಟು ಮಂದಿ ಇದ್ದರು. ಟೈಪು ಮಾಡುವ ಪಾಯ್ಸ್ ಎಂಬವರು ಕನ್ನಡಕದ ಮೇಲಿಂದ ನೋಡಿದರು.

"ಗುರುಪಾದಪ್ಪ, ಎರಡು ವರ್ಷಕ್ಕೆ ರಿನ್ಯೂವಲ್. ಹೆಂಡತಿಯದ್ದು ಅದರ ಒಟ್ಟಿಗೇ. ಇದ್ರಲ್ಲಿ ಪ್ರೊಫೆಶನ್ ಸೇಲ್ಸ್‌ಮನ್ ಅಂತ ಉಂಟು. ಹಾಗೇ ಇರ್ಲಿಯಾ?"

ಆ ಕಾಲದಲ್ಲಿ ಯಾವ ವೀಸಾ ಸಿಕ್ಕಿತೋ ಅದರಲ್ಲೇ ಬಂದದ್ದು. ಗುರುಪಾದಪ್ಪ ಇರಲಿ ಎನ್ನುವಂತೆ ಕೈ ಆಡಿಸಿದ. ಅಷ್ಟರಲ್ಲಿ ಅಭಿಜೀತ ಮುಂದೆ ಬಂದ.

"ಇಲ್ಲ, ಬದಲಾಯಿಸ್ರಿ. ಇವರು ನಮ್ಮ ತಂದಿ. ಬಟ್ಟಿ ಒಗೀತಾರ. ನಾವು ಮಡಿವಾಳ್ರು."

ಪಾಯ್ಸ್ ಪಟ್ಟಿ ನೋಡಿ, "ಲಾಂಡ್ರಿಯವರದ್ದು ಬೇರೆ ಉಂಟು, ಮಾಡುವ. ಅರ್ಜಿ ಬೇರೆ ಆಗ್ತದೆ," ಎಂದು ಟೈಪಿಸಲು ಶುರುಮಾಡಿದರು. ಗುರುಪಾದಪ್ಪ ಕರ್ಚೀಫು ತೆಗೆದು, ಕಣ್ಣಿಗೆ ಏನೋ ಬಿದ್ದವನಂತೆ ಒರೆಸಿಕೊಂಡ. ಬಸಲಿಂಗವ್ವ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಮಗನ ತೋಳು ಹಿಡಿದು ಅವನನ್ನು ಜನರ ಕಡೆ ತಿರುಗಿಸಿದಳು.

"ಇನ್ನೊಮ್ಮೆ ಹೇಳು," ಎಂದಳು. "ಆ ಮೂಲ್ಯಾಗ ಕುಂತವರಿಗೆ ಕೇಳಿಲ್ಲ."